ಎಡ ಶೂವಿನ ಮುಚ್ಚಿದ ತೂತು

ನನ್ನ ತಂಗಿ ಸೈಕಲ್ಲಿನಿಂದ ಬಿದ್ದದ್ದು ಅವಳ ತಪ್ಪಿನಿಂದಲ್ಲ. ಅವಳ ಎಡಗಾಲಿನ ಶೂ ಕೆಡಿಸಿದವನು ನಾನು. ಕೆಡಿಸಿದ್ದು ಗೊತ್ತಿದ್ದೂ ಆರು ತಿಂಗಳು ಬಾಯಿ ಮುಚ್ಚಿಕೊಂಡು ಕೂತವನೂ ನಾನೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತು ಹಾಕಿ ಬರೆಯಲು ಹೊರಟರೆ ನಡುವೆ ಎಲ್ಲಾದರೂ ನುಸುಳಿ ಪಾರಾಗುವ ದಾರಿ ಹುಡುಕುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

ಬೊರಿವಲಿ ಸ್ಟೇಶನ್ನಿನ ಪಶ್ಚಿಮಕ್ಕೆ, ಸೇತುವೆಯ ಮೆಟ್ಟಿಲಿನ ಬುಡದಲ್ಲಿ ಕೂತು ನಾನು ಚಪ್ಪಲಿ, ಶೂ ರಿಪೇರಿ ಮಾಡುತ್ತೇನೆ. ನನಗಿಂತ ಮೊದಲು ಅದೇ ಜಾಗದಲ್ಲಿ ಅಪ್ಪ ಕೂರುತ್ತಿದ್ದ. ವಿಜಯಪುರದ ಕಡೆಯಿಂದ ಬಂದವನು. ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದೆ. ಅಪ್ಪನ ಕಣ್ಣು ಮಂಜಾಯಿತು, ಪಾಟಿ ಬಿಟ್ಟು ತೊಗಲು ಚುಚ್ಚುವ ಆರಿ ಹಿಡಿದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕನ್ನಡ ಪೇಪರ್ ಓದುತ್ತ ಬಂದದ್ದರಿಂದ ಇಷ್ಟು ಬರೆಯಲು ಬರುತ್ತದೆ.

ತಂಗಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಇಲ್ಲೇ ಹುಟ್ಟಿದವಳು. ಒಂದು ಜಿಮ್ಮಿನಲ್ಲಿ ಹೆಂಗಸರಿಗೆ ವ್ಯಾಯಾಮ ಕಲಿಸುತ್ತಾಳೆ. ಅಲ್ಲಿಗೆ ಬರುತ್ತಿದ್ದ ಒಬ್ಬ ಮೇಡಂ, ತನಗೆ ಬೇಡವಾದ ತೆಳು ಚಕ್ರದ ಸೈಕಲ್ಲನ್ನೂ ಅದರ ಶೂಗಳನ್ನೂ ಇವಳಿಗೆ ಕೊಟ್ಟರು. ಕೊಟ್ಟ ಮೇಲೆ ಇವಳು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರ ಬೆಳಗಾದರೆ ಒಂದು ಗುಂಪಿನ ಜೊತೆ ಹೊರಡುವುದು, ಬೊರಿವಲಿಯಿಂದ ಕೊಲಾಬಾ, ಕೊಲಾಬಾದಿಂದ ಬೊರಿವಲಿ. ಚಳಿಗಾಲದಲ್ಲಿ ಆ ಗುಂಪು ಮುನ್ನೂರು ಕಿಲೋಮೀಟರಿನ ಸವಾರಿ ಹೊರಡುವುದಿತ್ತು. ಅದರಲ್ಲಿ ತಾನೂ ಇರಬೇಕು ಎಂಬುದು ಅವಳ ಹಟ.

ಆ ಶೂ ಹೇಗಿರುತ್ತದೆ ಎಂದು ಹೇಳಬೇಕು. ಅಡಿ ಮರದ ಹಲಗೆಯ ಹಾಗೆ ಗಟ್ಟಿ. ಹೆಬ್ಬೆರಳಿನ ಬುಡ ಬರುವ ಕಡೆ, ಅಡಿಯಲ್ಲಿ, ಎರಡು ಬೋಲ್ಟ್ ಹಾಕಿ ಒಂದು ಸಣ್ಣ ಕಬ್ಬಿಣದ ತುಂಡನ್ನು ಕೂರಿಸಿರುತ್ತಾರೆ. ಅದಕ್ಕೆ ಕ್ಲೀಟ್ ಎನ್ನುತ್ತಾರೆ. ಪೆಡಲ್ ಮೇಲೆ ಕಾಲಿಟ್ಟು ಒತ್ತಿದರೆ ಅದು ಟಕ್ ಎಂದು ಪೆಡಲಿಗೆ ಕಚ್ಚಿಕೊಳ್ಳುತ್ತದೆ. ಕಾಲು ಬಿಡಿಸಬೇಕಾದರೆ ಹಿಮ್ಮಡವನ್ನು ಹೊರಕ್ಕೆ ತಿರುಗಿಸಬೇಕು. ಮೇಲಕ್ಕೆ ಎಷ್ಟು ಎಳೆದರೂ ಬರುವುದಿಲ್ಲ, ತಿರುಗಿಸಿದರೆ ಮಾತ್ರ ಬಿಡುತ್ತದೆ.

ಒಂದು ಮಧ್ಯಾಹ್ನ ಅವಳು ಆ ಶೂ ತಂದು ನನ್ನ ಮುಂದೆ ಮಗುಚಿ ಇಟ್ಟಳು.

“ಅಣ್ಣಾ, ಈ ಕ್ಲೀಟ್ ಹಿಂದಕ್ಕ ತರಬೇಕು. ಇಲ್ಲಿಂದ ಇಲ್ಲಿಗೆ.” ಬೆರಳನ್ನು ಹೆಬ್ಬೆರಳ ಬುಡದಿಂದ ಪಾದದ ನಡುವಿಗೆ ಎಳೆದಳು.

“ಅಲ್ಲಿ ತೂತಽ ಇಲ್ಲಲ್ಲ ಬೇ.”

“ತೂತ ಇದ್ದಿದ್ರ ನಿನ್ನ ಹತ್ರ ಯಾಕ ಬರ್ತಿದ್ದೆ?”

ನಾಲ್ಕು ತಾಸು ತುಳಿದ ಮೇಲೆ ಅವಳ ಮೀನಖಂಡ ಕಲ್ಲಾಗುತ್ತಿತ್ತು. ಹಿಮ್ಮಡದ ಮೇಲಿನ ನರ ಹರಿದು ಹೋಗುವ ಹಾಗೆ ನೋಯುತ್ತಿತ್ತು. ಮುಂಗಾಲಿನಲ್ಲಿ ತುಳಿಯುವ ಬದಲು ನಡುಪಾದದಲ್ಲಿ ತುಳಿದರೆ ಮೀನಖಂಡಕ್ಕೆ ಕೆಲಸ ಕಡಿಮೆ ಎಂದು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ನನಗೆ ವಿಡಿಯೋ ಬೇಕಿರಲಿಲ್ಲ. ಈ ಸೇತುವೆಯ ಮೆಟ್ಟಿಲು ಹತ್ತುವ ಹಮಾಲರ ಕಾಲುಗಳನ್ನು ಇಷ್ಟು ವರ್ಷ ನೋಡುತ್ತಿದ್ದೇನೆ. ಮೂಟೆ ಹೊತ್ತವನು ಮುಂಗಾಲಿನ ಮೇಲೆ ಹತ್ತುವುದಿಲ್ಲ, ಪಾದದ ನಡುವನ್ನೇ ಮೆಟ್ಟಿಲಿನ ಮೇಲೆ ಊರುತ್ತಾನೆ.

ಸಾಂತಾಕ್ರೂಜಿನ ಒಂದು ಸೈಕಲ್ ಅಂಗಡಿಯಲ್ಲಿ ಅವಳು ಮೊದಲೇ ಕೇಳಿದ್ದಳು. ಸೋಲಿಗೆ ತೂತು ಹಾಕಿದರೆ ಶೂ ಹಾಳಾಗುತ್ತದೆ, ನಾವು ಮಾಡುವುದಿಲ್ಲ ಎಂದಿದ್ದರಂತೆ. ನಾನು ನಕ್ಕೆ. “ಏಸಿ ಒಳಗ ಕೂತವರಿಗೆ ಸೋಲ್ ಅಂದ್ರ ಏನ ಗೊತ್ತು?” ಎಂದೆ. ಈಗ ಆ ನಗು ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಅವರು ಕೈಲಾಗದು ಎಂದು ಹೇಳುವಷ್ಟು ಪ್ರಾಮಾಣಿಕರಾಗಿದ್ದರು.

ಬಲ ಶೂ ಮೊದಲು ಮಾಡಿದೆ. ಚೆನ್ನಾಗಿ ಮಾಡಿದೆ, ಅದನ್ನು ಹೇಳಲು ನನಗೆ ನಾಚಿಕೆ ಇಲ್ಲ. ಒಳಗಿನ ಹಾಸು ತೆಗೆದೆ. ಅವಳನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಗೆರೆ ಎಳೆದು ನಡುವನ್ನು ಗುರುತಿಸಿದೆ. ಆ ಜಾಗದಲ್ಲಿ ಸೋಲ್ ಡೊಂಕಾಗಿರುತ್ತದೆ, ಡ್ರಿಲ್ಲಿನ ಮೊನೆ ಜಾರುತ್ತದೆ. ಅದಕ್ಕೇ ಮೊದಲು ಆರಿಯಿಂದ ಗುಂಡಿ ಕೊರೆದು, ಮೊನೆ ಕೂರಿಸಿ, ನಿಧಾನಕ್ಕೆ ಎರಡು ತೂತು ಹಾಕಿದೆ. ಒಳಗಿನಿಂದ, ಸೋಲಿಗೆ ಕಚ್ಚಿ ಕೂರುವ ಮುಳ್ಳಿನ ನಟ್ ಬಡಿದೆ. ಡೊಂಕು ತುಂಬಲು ಗಟ್ಟಿ ತೊಗಲಿನ ಬಿಲ್ಲೆ ಕೊಯ್ದು ಕ್ಲೀಟಿನ ಕೆಳಗಿಟ್ಟೆ. ಕಲ್ಲಿನ ಹಾಗೆ ಕೂತಿತು.

ಎಡ ಶೂ ಮರುದಿನ ಮಾಡಬೇಕೆಂದಿದ್ದೆ. ಆದರೆ ಆ ಹೊತ್ತಿಗೆ ಅವರ ಗುಂಪಿನ ಮುಖ್ಯಸ್ಥ ಬಂದ. ಎಲ್ಲರೂ ಅವನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಹೊಳೆಯುವ ಅಂಗಿ, ಹಣೆಯ ಮೇಲೆ ಕಪ್ಪು ಕನ್ನಡಕ. ನನ್ನ ತಲೆಯ ಮೇಲಿನಿಂದ ತಂಗಿಯನ್ನು ಕೇಳಿದ:

“ಯೇ ಕರ್ ಪಾಯೇಗಾ?”

ಇವನಿಗೆ ಇದು ಆಗುತ್ತದೆಯೇ ಅಂತ. ಇವನಿಗೆ! ದಿನಾ ನನ್ನ ಮುಂದೆ ಬಗ್ಗದೆ, ಹಾಕಿದ ಶೂ ಬಿಚ್ಚದೆ ಕಾಲು ಚಾಚುವವರನ್ನು ನೋಡುತ್ತೇನೆ. ಮೂಗಿನ ಮಟ್ಟಕ್ಕೆ ಬರುವ ಆ ಕಾಲುಗಳಿಗೆ ಸಿಟ್ಟು ಮಾಡುತ್ತಾ ಕೂತರೆ ಹೊಟ್ಟೆ ತುಂಬುವುದಿಲ್ಲ. ಆದರೆ ಅಂದು ತಂಗಿ ಪಕ್ಕದಲ್ಲಿದ್ದಳು.

“ಮೇರಾ ಬಡಾ ಭಾಯಿ ಹೈ,” ಅಂದಳು ಅವಳು. “ಇನ್ಕೇ ಹಾಥ್ ಕಾ ಕಾಮ್ ದೇಖೋ.”

ನನ್ನ ಅಣ್ಣ, ಅವನ ಕೈಕೆಲಸ ನೋಡು ಎಂದು ಬಲ ಶೂ ಎತ್ತಿ ತೋರಿಸಿದಳು. ಅವನು ತಿರುಗಿಸಿ ನೋಡಿ ಹುಬ್ಬೇರಿಸಿದ. ನನ್ನ ತಲೆ ತಿರುಗಲು ಅಷ್ಟು ಸಾಕಾಯಿತು. ಎಡ ಶೂ ಎತ್ತಿಕೊಂಡೆ. ಅವನು ಕೈಕಟ್ಟಿ ನಿಂತಿದ್ದ. ಆರಿಯಿಂದ ಗುಂಡಿ ಕೊರೆಯಲಿಲ್ಲ. ನೇರವಾಗಿ ಡ್ರಿಲ್ ಇಟ್ಟೆ, ‘ಇವನಿಗೆ’ ಏನು ಬರುತ್ತದೆ ನೋಡು ಅಂತ.

ಮೊನೆ ಜಾರಿತು. ತೂತು ಗುರುತಿಗಿಂತ ಜೋಳದ ಕಾಳಿನಷ್ಟು ಒಳಬದಿಗೆ, ಓರೆಯಾಗಿ ಬಿತ್ತು.

ನಾನು ಏನು ಮಾಡಿದೆ? ಹೆಬ್ಬೆರಳಿನಿಂದ ಅದನ್ನು ಮುಚ್ಚಿ ಹಿಡಿದೆ. “ಹೋ ಗಯಾ ಸಾಬ್, ಶಾಮ್ ತಕ್ ರೆಡಿ,” ಎಂದೆ, ಸಂಜೆಗೆ ಸಿಗುತ್ತದೆ ಅಂತ. ಅವನು ಹೋದ. ತಂಗಿ ಚಹಾ ತರಲು ಹೋದಳು.

ಅಪ್ಪ ಕಲಿಸಿದ ಒಂದು ಉಪಾಯವಿತ್ತು. ಆರಿ ತಪ್ಪಿ ಬೇಡದ ಕಡೆ ತೂತಾದರೆ, ತೊಗಲನ್ನು ಕಲ್ಲಿಗೆ ತಿಕ್ಕಿ ಪುಡಿ ಮಾಡಿ, ಅಂಟಿನ ಸೊಲ್ಯೂಶನ್ನಿನಲ್ಲಿ ಕಲಸಿ ತುಂಬುವುದು. ಒಣಗಿದ ಮೇಲೆ ಉಜ್ಜಿ ಪಾಲಿಶ್ ಹಚ್ಚಿದರೆ ಮಾಡಿದವನಿಗೂ ಗುರುತು ಸಿಗುವುದಿಲ್ಲ. ಚಪ್ಪಲಿಗೆ ಅದು ಸಾಕು. ಚಪ್ಪಲಿಯ ಮೇಲೆ ಬೀಳುವುದು ಮೈಭಾರ ಮಾತ್ರ. ಈ ಶೂವನ್ನು ಇಡೀ ಕಾಲು ಹಿಡಿದು ತಿರುಚುತ್ತದೆ, ಅದೂ ದಿನಕ್ಕೆ ಐವತ್ತು ಸಲ. ಇದು ನನಗೆ ಆಗ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ತುಂಬಿದ ತೂತಿನ ಪಕ್ಕದಲ್ಲೇ, ಅದರ ಅಂಚಿಗೆ ತಾಗುವ ಹಾಗೆ ಹೊಸ ತೂತು ಹಾಕುವಾಗ ಕೈಗೆ ಗೊತ್ತಾಗುತ್ತಿತ್ತು, ಒಂದು ಬದಿಗೆ ಮೆತ್ತಗಿತ್ತು. ಶೂ ಕೆಟ್ಟಿತು ಬೇ, ಬಿಡು ಎಂದು ಹೇಳಬಹುದಿತ್ತು. ಅವಳು ಎರಡು ಕೈಯಲ್ಲಿ ಚಹಾ ಹಿಡಿದು ಬಂದಾಗ ನಾನು ಒಳಗಡೆ ತೊಗಲಿನ ತೇಪೆ ಅಂಟಿಸಿ, ಹಾಸು ಹಾಕಿ, ಶೂ ಒರೆಸುತ್ತಿದ್ದೆ.

“ಸೀಟ್ ಒಂದೀಟ ಕೆಳಗ ಮಾಡ್ಕೋಬೇಕು ಈಗ,” ಅಂದಳು. “ತಿರುಗುವಾಗ ಬೆರಳು ಮುಂದಿನ ಗಾಲಿಗೆ ಬಡೀತೈತಿ ಅಂತ, ಅದನ್ನೂ ನೋಡ್ಕೋತೀನಿ.” ಎಲ್ಲವನ್ನೂ ಅವಳು ನೋಡಿಕೊಳ್ಳುವವಳು. ನನ್ನ ಕೆಲಸವೊಂದನ್ನು ಬಿಟ್ಟು.

ಮೊದಲ ಭಾನುವಾರ ಬಂದು ಮೀನಖಂಡ ತಟ್ಟುತ್ತ ಹೇಳಿದಳು: “ಅಣ್ಣಾ, ಪಿಂಡ್ರಿ ಇದ್ದಾವೋ ಇಲ್ಲೋ ಗೊತ್ತಽ ಆಗ್ಲಿಲ್ಲ!” ಗುಂಪಿನ ಇಬ್ಬರು ತಮ್ಮ ಶೂ ಹಿಡಿದುಕೊಂಡು ನನ್ನನ್ನು ಹುಡುಕಿ ಬಂದರು. ನಾನು ದೊಡ್ಡ ಮನುಷ್ಯನಾದೆ. ಅವರ ಶೂಗಳಿಗೆ ಆರಿಯ ಗುಂಡಿ ಕೊರೆದೇ ತೂತು ಹಾಕಿದೆ ಎಂಬುದನ್ನು ಗಮನಿಸಿ. ಅಂದರೆ ನನಗೆ ಎಲ್ಲ ಗೊತ್ತಿತ್ತು.

ನಾಲ್ಕನೆಯ ವಾರವಿರಬೇಕು. ಊಟಕ್ಕೆ ಕೂತಾಗ ಅಂದಳು:

“ಎಡಗಾಲಿಗೆ ಟಿಕ್ ಟಿಕ್ ಅಂತೈತಿ ಅಣ್ಣಾ, ತುಳಿಯುವಾಗ.”

ಇನ್ನೊಂದು ರೊಟ್ಟಿ ಎಳೆದುಕೊಂಡೆ. “ಹೊಸ ತೊಗಲು. ಕೂಡಬೇಕು. ಕೂತ ಮ್ಯಾಲ ಸುಮ್ಮನಾಗ್ತೈತಿ,” ಎಂದೆ.

“ತೆಗೆದು ನೋಡ್ತಿ ಏನು?”

“ಎಷ್ಟ ಸಲ ತೆಗೀಲಿ? ನನಗೇನ ಬ್ಯಾರೆ ಕೆಲಸಿಲ್ಲೇನು?”

ಗದರಿದೆ. ಅವ್ವ ನನ್ನ ಮುಖ ನೋಡಿದಳು. ಅದೊಂದು ಸಲ ಗದರದೆ ಶೂ ಬಿಚ್ಚಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಅದರ ಮುಂದಿನ ಭಾನುವಾರ ಪರೇಲಿನ ಸಿಗ್ನಲ್ಲಿನಲ್ಲಿ ಬಿದ್ದಳು. ಕೊಲಾಬಾದಿಂದ ವಾಪಸು ಬರುತ್ತಿದ್ದರು. ಕೆಂಪು ದೀಪ ಬಿತ್ತು. ಯಾವಾಗಲೂ ಮಾಡುವ ಹಾಗೆ ಫುಟ್‌ಪಾತಿನ ಕಡೆಗೆ ವಾಲಿ, ಎಡ ಹಿಮ್ಮಡ ಹೊರಕ್ಕೆ ತಿರುಗಿಸಿದಳು. ಕಾಲು ತಿರುಗಿತು, ಶೂ ತಿರುಗಿತು, ಕ್ಲೀಟ್ ತಿರುಗಲಿಲ್ಲ. ಸೈಕಲ್ಲಿಗೆ ಕಟ್ಟಿಹಾಕಿದವಳ ಹಾಗೆ ಅದರ ಜೊತೆಗೇ ಫುಟ್‌ಪಾತಿನ ಕಲ್ಲಿನ ಅಂಚಿಗೆ ಅಪ್ಪಳಿಸಿದಳು. ಕೊರಳ ಬುಡದ ಎಲುಬು ಮುರಿಯಿತು.

ನಾನು ಲೋಕಲ್ ಹಿಡಿದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವಳ ಕೈಯನ್ನು ಎದೆಗೆ ಕಟ್ಟಿ ಕೂರಿಸಿದ್ದರು. ಕ್ಯಾಪ್ಟನ್ ಅಲ್ಲಿದ್ದ, ಇನ್ನೂ ಮೂವರು. ಅವನು ನನಗೆ ವಿವರಿಸಿದ. ಹೊಸಬರು ಹೀಗೇ ಬೀಳುತ್ತಾರೆ, ಸಿಗ್ನಲ್ ನೋಡಿ ಗಾಬರಿಯಾಗಿ ಕಾಲು ಬಿಡಿಸುವುದನ್ನೇ ಮರೆಯುತ್ತಾರೆ. “ಪ್ಯಾನಿಕ್ ಕರ್ ಗಯೀ.” ಹಿಂದಿದ್ದವನೊಬ್ಬ ನಕ್ಕ. “ಸೀಧಾ ಮೂರ್ತಿ ಕೆ ಜೈಸೆ ಗಿರೀ.” ಮೂರ್ತಿ ಉರುಳಿದ ಹಾಗೆ ಬಿದ್ದಳಂತೆ.

ತಂಗಿ ನೋವಿನಲ್ಲೂ ನನ್ನ ಕಡೆ ತಿರುಗಿ, “ನಾ ತಿರುಗಿಸಿದ್ದೆ ಅಣ್ಣಾ. ತಿರುಗಿಸಿದೆ ಅಂತ ಅನ್ನಿಸ್ತು,” ಅಂದಳು.

ಅವಳ ಶೂ, ಹೆಲ್ಮೆಟ್ ಒಂದು ಪ್ಲಾಸ್ಟಿಕ್ ಚೀಲದಲ್ಲಿತ್ತು. ಹೊರಗಿನ ಬೆಂಚಿಗೆ ಬಂದು ಚೀಲದಲ್ಲಿ ಕೈ ಹಾಕಿದೆ. ಎಡ ಶೂವಿನ ಕ್ಲೀಟ್ ಒಂದೇ ಬೋಲ್ಟಿನ ಮೇಲೆ ಗಡಿಯಾರದ ಮುಳ್ಳಿನ ಹಾಗೆ ಆಡುತ್ತಿತ್ತು. ಇನ್ನೊಂದು ಬೋಲ್ಟ್ ನಟ್ಟಿನ ಸಮೇತ ಕಿತ್ತು ಹೋಗಿತ್ತು. ಆ ತೂತಿನಲ್ಲಿ ಬೆರಳು ಆಡಿಸಿದೆ. ಕಂದು ಪುಡಿ ಬೆರಳಿಗೆ ಅಂಟಿತು. ನಾನು ತಿಕ್ಕಿದ ತೊಗಲು.

ಒಳಗೆ ಹೋಗಿ ಹೇಳಬೇಕಾದದ್ದು ಆಗ. ನಾಲ್ಕು ಜನ ಅವಳ ಎದುರಿಗೇ ನಿಂತು ಅವಳನ್ನು ಅಂಜುಬುರುಕಿ ಮಾಡುತ್ತಿದ್ದಾಗ. ನಾನು ಚೀಲದ ಬಾಯಿಗೆ ಗಂಟು ಹಾಕಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಹೇಡಿ ಎನ್ನಬಹುದಿತ್ತು. ಮರುದಿನ ನಾನು ಮಾಡಿದ್ದಕ್ಕೆ ಏನು ಹೆಸರಿಡಬೇಕೋ ತಿಳಿಯದು. ಹಗಲಲ್ಲೇ, ಗಿರಾಕಿಗಳ ನಡುವೆಯೇ ಕೂತು ಆ ಶೂವಿನ ಒಳಗೆ ಉಕ್ಕಿನ ಪಟ್ಟಿ ಹಾಕಿದೆ. ಎರಡೂ ತೂತಿಗೆ ಅಡ್ಡಲಾಗಿ ಒಂದೇ ಪಟ್ಟಿ, ಅದಕ್ಕೆ ಹೊಸ ಬೋಲ್ಟ್. ಮೊದಲೇ ಮಾಡಬೇಕಿದ್ದ ಕೆಲಸ. ಅರ್ಧ ಗಂಟೆ ಹಿಡಿಯಲಿಲ್ಲ. ಮೇಲೆ ಹಾಸು ಹಾಕಿ, ಒರೆಸಿ, ಚೀಲಕ್ಕೆ ಸೇರಿಸಿದೆ.

ನಾಲ್ಕು ದಿನ ಬಿಟ್ಟು ಅವಳು ಶೂ ಕೇಳಿದಳು. ಒಂದು ಕೈ ಕಟ್ಟಿತ್ತು, ಇನ್ನೊಂದರಲ್ಲಿ ಎಡ ಶೂ ಹಿಡಿದು ಕ್ಲೀಟನ್ನು ಹೆಬ್ಬೆರಳಿನಿಂದ ಒತ್ತಿದಳು, ತಿರುಚಿದಳು, ಅಲ್ಲಾಡಿಸಿದಳು. ಅದು ಕದಲಲಿಲ್ಲ. ಬಾಗಿಲಲ್ಲಿ ನಿಂತು ನಾನು ನೋಡುತ್ತಿದ್ದೆ.

“ಶೂ ಗಟ್ಟಿ ಐತಿ,” ಅಂದಳು ಮೆಲ್ಲಗೆ. “ಅಂದ್ರ ನಾನಽ ತಿರುಗಿಸಿಲ್ಲ.”

ನಾನು, “ಆಗ್ತೈತಿ ಬಿಡು,” ಎಂದೆ. ದೇವರೇ, ಸಮಾಧಾನ ಹೇಳಿದೆ.

ಎಲುಬು ಕೂಡಿತು. ಅವಳು ಕೂಡಲಿಲ್ಲ. ಚಾಳಿನ ಓಣಿಯಲ್ಲಿ ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಎಡಗಾಲನ್ನು ಸಿಕ್ಕಿಸುವುದು, ಬಿಡಿಸುವುದು, ಸಿಕ್ಕಿಸುವುದು, ಬಿಡಿಸುವುದು. ನೂರು ಸಲ. ನೂರು ಸಲವೂ ಬಿಡುತ್ತಿತ್ತು. ಯಾಕೆ ಬಿಡುವುದಿಲ್ಲ, ಉಕ್ಕು ಹಾಕಿದ್ದೆನಲ್ಲ! ಆದರೆ ಗೋಡೆಯಿಂದ ಕೈ ತೆಗೆಯುವ ಮೊದಲೇ ಎಡಗಾಲನ್ನು ನೆಲಕ್ಕೆ ಊರಿಬಿಡುತ್ತಿದ್ದಳು. ಪಕ್ಕದ ಮನೆಯ ಮುದುಕಿ, “ಏನ ಬೇ, ಸೈಕಲ್ ಮ್ಯಾಲ ಕೂತು ಜಪಾ ಮಾಡಾಕತ್ತಿ?” ಎಂದು ಕಿಚಾಯಿಸುತ್ತಿದ್ದಳು. ತಂಗಿ ನಗುತ್ತಿದ್ದಳು. ಒಳಗೆ ಬಂದು ನನಗೆ ಹೇಳುತ್ತಿದ್ದಳು: “ನನ್ನ ಕಾಲು ನನ್ನ ಮಾತು ಕೇಳೂದಿಲ್ಲ ಅಣ್ಣಾ. ಆವತ್ತು ಕೇಳಲಿಲ್ಲ. ಮತ್ಯಾವಾಗ ಕೇಳೂದಿಲ್ಲೋ ಏನ ಗೊತ್ತು?” ಸ್ಟೇಶನ್ನಿನ ಮೆಟ್ಟಿಲು ಎರಡೆರಡು ಹಾರಿ ಇಳಿಯುತ್ತಿದ್ದವಳು ಕಂಬಿ ಹಿಡಿದು ಇಳಿಯತೊಡಗಿದಳು. ನಾನು ಮೆಟ್ಟಿಲ ಬುಡದಲ್ಲಿ ಕೂತವನು. ದಿನಾ ಬೆಳಿಗ್ಗೆ ಆ ಕೈ ಆ ಕಂಬಿಯ ಮೇಲೆ ಬರುವುದನ್ನು ನೋಡುತ್ತಿದ್ದೆ.

ಮುನ್ನೂರು ಕಿಲೋಮೀಟರಿನ ಪಟ್ಟಿಯಲ್ಲಿ ಕ್ಯಾಪ್ಟನ್ ಅವಳ ಹೆಸರು ಹಾಕಲಿಲ್ಲ. ಟ್ರಾಫಿಕ್ಕಿನಲ್ಲಿ ಗಾಬರಿಯಾಗುವವಳು ಉಳಿದವರನ್ನೂ ಬೀಳಿಸುತ್ತಾಳೆ ಎಂದನಂತೆ. ಅದನ್ನು ಅವಳೇ ನನಗೆ ಹೇಳಿ, “ಅವರು ಹೇಳೂದು ಖರೇ ಐತಿ,” ಎಂದಳು. ನನಗೆ ಅವಳ ಮೇಲೇ ಸಿಟ್ಟು ಬಂತು. ಯಾಕೆ ಜಗಳವಾಡುವುದಿಲ್ಲ ಇವಳು? ಯಾಕೆ ನಂಬುತ್ತಾಳೆ ಎಲ್ಲರನ್ನೂ? ಕಳ್ಳನಿಗೆ ಮನೆಯವರ ಮೇಲೆ ಬರುವ ಸಿಟ್ಟು ಅದು, ಬಾಗಿಲು ಯಾಕೆ ಹಾಕಿಕೊಂಡಿರಲಿಲ್ಲ ಎಂದು.

ಹೋದ ತಿಂಗಳು ಒಂದು ಸಂಜೆ ಅವಳು ಶೂ ತಂದು ಮತ್ತೆ ನನ್ನ ಮುಂದೆ ಮಗುಚಿ ಇಟ್ಟಳು. ಮೊದಲ ಸಲ ಇಟ್ಟ ಹಾಗೆಯೇ.

“ಮೇಡಂ ಅವರ ಸೊಸಿಗೆ ಸೈಕಲ್ ಬೇಕಂತ. ಕೊಟ್ಟುಬಿಡ್ತೀನಿ. ಶೂನೂ ಅಕಿಗೇ. ಕ್ಲೀಟ್ ಮೊದಲಿದ್ದಂಗ ಮುಂದಕ್ಕ ಹಾಕು. ಒಳಗಿನ ನಟ್ಟು ಗಿಟ್ಟು ಎಲ್ಲಾ ತೆಗೆದುಬಿಡು.”

ಗಿರಾಕಿಯ ಸ್ಟೂಲಿನ ಮೇಲೆ ಕೂತಳು. ಅವಳು ಕಾಯುವುದಿತ್ತು. ಬಲ ಶೂ ಬಿಚ್ಚಿದೆ. ಎರಡು ಮುಳ್ಳಿನ ನಟ್ಟು, ಸುತ್ತ ಶುದ್ಧ ಸೋಲ್. ತೆಗೆದು ತಟ್ಟೆಯಲ್ಲಿ ಹಾಕಿದೆ. ಎಡ ಶೂ ಕೈಗೆತ್ತಿಕೊಂಡೆ.

ನಾಳೆ ಬಾ ಎನ್ನಬಹುದಿತ್ತು. ಚಹಾ ತಾ ಎನ್ನಬಹುದಿತ್ತು. ಬಾಯಿಗೆ ಬಂದೂ ಬಂತು: “ಹೋಗಿ ಚಹಾ...” ಎಂದೆ. ಅವಳು ಎದ್ದಳು. ಏಳುವಾಗ ನನ್ನ ಪೆಟ್ಟಿಗೆಯನ್ನು ಹಿಡಿದುಕೊಂಡು ಎದ್ದಳು, ಮುದುಕಿಯ ಹಾಗೆ, ಎಡಗಾಲಿನ ಮೇಲೆ ಭಾರ ಹಾಕದೆ. ಇಪ್ಪತ್ತಾರು ವರ್ಷದ ಹುಡುಗಿ, ಹತ್ತು ಹೆಂಗಸರಿಗೆ ಬೈಠಕ್ ಹೊಡೆಸುವವಳು.

“ಕೂಡು,” ಎಂದೆ. “ಚಹಾ ಬ್ಯಾಡ. ಕೂತು ನೋಡು.”

ಹಾಸು ಕಿತ್ತು, ಉಕ್ಕಿನ ಪಟ್ಟಿ ಕಾಣುವ ಹಾಗೆ ಶೂವನ್ನು ಅವಳ ಮಡಿಲಿಗಿಟ್ಟೆ. ಅವಳು ಒಳಗೆ ಬೆರಳು ಹಾಕಿದಳು. ಬಲ ಶೂ ನೋಡಿದಳು, ಮತ್ತೆ ಎಡದ್ದು.

“ಬಲಕ್ಕ ಯಾಕ ಹಾಕಿಲ್ಲ ಇದನ್ನ?”

“ಬಲದ್ದು ಮುರಿದಿರಲಿಲ್ಲ.”

“ಇದು ಯಾವಾಗ ಹಾಕಿದಿ?”

“ನೀ ಬಿದ್ದ ಮರುದಿನ.”

ತೂತು ಜಾರಿದ್ದು, ಪುಡಿ ತುಂಬಿದ್ದು, ಟಿಕ್ ಟಿಕ್ ಅಂದಾಗ ಗೊತ್ತಿದ್ದದ್ದು, ಆಸ್ಪತ್ರೆಯ ಬೆಂಚು, ಎಲ್ಲ ಹೇಳಿದೆ. ಲೋಕಲ್ ಬಂದು ಹೋಯಿತು, ಮೆಟ್ಟಿಲಿನಿಂದ ಜನ ಸುರಿದರು, ನಮ್ಮ ಸುತ್ತ ಹಾದುಹೋದರು. ಒಬ್ಬ ಚಪ್ಪಲಿ ಬಿಟ್ಟು ನಿಂತು “ಜಲ್ದೀ” ಎಂದ. “ರುಕೋ!” ಎಂದು ತಂಗಿ ಕಿರುಚಿದಳು. ಅವನು ಚಪ್ಪಲಿ ಮೆಟ್ಟಿ ಓಡಿದ.

“ಆರು ತಿಂಗಳು ನಾ ಗೋಡಿ ಹಿಡಕೊಂಡು...” ಮಡಿಲಿನ ಶೂವನ್ನು ಎರಡೂ ಕೈಯಲ್ಲಿ ಹಿಡಿದಳು. ಅಳಲಿಲ್ಲ. “ನೀ ಬಾಗಿಲದಾಗ ನಿಂತು ನೋಡ್ತಿದ್ದಿ. ದಿನಾ ನೋಡ್ತಿದ್ದಿ!”

“ಹೌದು.”

ಶೂ ಎತ್ತಿ ನನ್ನ ಎದೆಗೆ ಎಸೆದಳು. ಕ್ಲೀಟ್ ತಗುಲಿತು. ಎಲುಬಿಗೆ ತಗುಲಿದ್ದು ಒಳ್ಳೆಯದೇ ಆಯಿತು.

“ಬಲಕ್ಕೂ ಪಟ್ಟಿ ಹಾಕು. ಈಗಽ. ನಾ ನೋಡ್ತೀನಿ.”

ಹಾಕಿದೆ. ಪ್ರತಿ ತಿರುಪನ್ನೂ ಅವಳು ನೋಡಿದಳು. ಕೊನೆಗೆ ಪಾನಾ ನನ್ನ ಕೈಯಿಂದ ಕಸಿದು ನಾಲ್ಕೂ ಬೋಲ್ಟ್ ತಾನೇ ಬಿಗಿದಳು. ಹೊರಡುವಾಗ ಒಂದು ಮಾತು ಹೇಳಿದಳು: “ನನಗ ಹೇಳಿದ್ದು ಸಾಲೂದಿಲ್ಲ. ಅವರಿಗೂ ಹೇಳು.”

ಭಾನುವಾರ ಬೆಳಿಗ್ಗೆ, ಅವರು ಸೇರುವ ಚಹಾ ಅಂಗಡಿಯ ಹತ್ತಿರ ಹೋದೆ. ತಂಗಿ ಸೈಕಲ್ ಹಿಡಿದು ಸ್ವಲ್ಪ ದೂರ ನಿಂತಿದ್ದಳು. ಹತ್ತು ಹನ್ನೆರಡು ಜನ, ಎಲ್ಲರ ಕೈಯಲ್ಲಿ ಗ್ಲಾಸು. ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ಅವಳು ತಪ್ಪು ಮಾಡಿರಲಿಲ್ಲ, ನಾನು ಮಾಡಿದ್ದೆ, ಬಚ್ಚಿಟ್ಟಿದ್ದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ.

ಕ್ಯಾಪ್ಟನ್ ನನ್ನ ಭುಜ ತಟ್ಟಿದ. “ಅರೇ ಭಾಯ್, ಹೋತಾ ಹೈ. ಚಾಯ್ ಪಿಯೋ.”

ಆಗುತ್ತದೆ, ಬಿಡು ಅಂತ. ಇಷ್ಟೇ. ನನ್ನನ್ನು ಒಂದು ಗುಟುಕು ಚಹಾದಲ್ಲಿ ಕ್ಷಮಿಸಿಬಿಟ್ಟರು. ಅವಳನ್ನು ಆರು ತಿಂಗಳು ಕ್ಷಮಿಸಿರಲಿಲ್ಲ, ಅವಳು ಮಾಡದ ತಪ್ಪಿಗೆ. ಮೂರ್ತಿಯ ಹಾಗೆ ಬಿದ್ದಳು ಎಂದು ನಕ್ಕವನು ಅಲ್ಲೇ ಬಿಸ್ಕೆಟ್ ಅದ್ದುತ್ತಿದ್ದ. ನನ್ನ ಮೈ ಉರಿಯಿತು.

“ಮುಝೇ ನಹೀ,” ಎಂದೆ. ಕೂಗಿಯೇ ಬಿಟ್ಟೆ. “ಉಸ್ಕೋ ಬೋಲೋ! ಉಸ್ಕೋ!” ನನಗಲ್ಲ, ಅವಳಿಗೆ ಹೇಳಿ ಅಂತ ಅವಳ ಕಡೆ ಕೈ ಮಾಡಿದೆ.

ಎಲ್ಲರೂ ತಿರುಗಿ ನೋಡಿದರು. ಒಬ್ಬ ಟೈರಿನ ಗಾಳಿ ಒತ್ತಿ ನೋಡತೊಡಗಿದ.

ತಂಗಿ ಅವರಿಗಾಗಿ ಕಾಯಲಿಲ್ಲ. ಸೈಕಲ್ ಏರಿ ಬಲಗಾಲು ಸಿಕ್ಕಿಸಿದಳು, ಎಡಗಾಲು ಸಿಕ್ಕಿಸಿದಳು, ಒಬ್ಬಳೇ ಹೊರಟಳು. ಮುಂದೆ ಸಿಗ್ನಲ್ ಇತ್ತು. ಕೆಂಪು ಬಿತ್ತು. ನಾನು ಅಲ್ಲಿಂದಲೇ ಅವಳ ಎಡ ಹಿಮ್ಮಡವನ್ನು ನೋಡುತ್ತಿದ್ದೆ. ಹೊರಕ್ಕೆ ತಿರುಗಿತು. ಶೂ ನೆಲಕ್ಕೆ ಬಂತು. ಹಸಿರು ಬೀಳುವವರೆಗೆ ಒಂದು ಕಾಲೂರಿ ನೆಟ್ಟಗೆ ನಿಂತಿದ್ದಳು.

ಅವಳು ನನ್ನ ಜೊತೆ ಮಾತಾಡುವುದಿಲ್ಲ. ಊಟಕ್ಕೆ ಕೂತಾಗ ಅವ್ವನ ಕೈಯಲ್ಲಿ ಹೇಳಿಸುತ್ತಾಳೆ. ಶನಿವಾರ ಸಂಜೆ ಹೊಸ್ತಿಲ ಮೇಲೆ ಕೂತು ನಾಲ್ಕೂ ಬೋಲ್ಟುಗಳನ್ನು ಒಂದೊಂದಾಗಿ ಬಿಗಿಯುತ್ತಾಳೆ, ನನ್ನ ಪಾನಾದಿಂದಲ್ಲ, ತಾನೇ ಕೊಂಡುತಂದ ಪಾನಾದಿಂದ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ನನ್ನ ಮುಂದೆಯೇ ಸೇತುವೆಯ ಮೆಟ್ಟಿಲು ಇಳಿಯುತ್ತಾಳೆ. ಕಂಬಿ ಹಿಡಿಯುವುದಿಲ್ಲ. ನನ್ನ ಕಡೆ ನೋಡುವುದೂ ಇಲ್ಲ.